ನಾಗಬನದ ಕಪ್ಪೆಗೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಮನೆ ಪಕ್ಕದ ಗುಡ್ಡ ಸಮ ಮಾಡಿ ಸೈಟ್ ಮಾಡಿದ್ದಾರೆ. ಕಾಡು ಅಂತ ಉಳಿದಿರುವುದು ಒಂದು ನಾಗಬನ ಮಾತ್ರ. ಅಷ್ಟು ಸಣ್ಣ ಜಾಗದಲ್ಲಿ ಕಪ್ಪೆಗಳಿಗೆ ತಿನ್ನಲು ಏನು ಸಿಗುತ್ತದೆ?

ಮಳೆ ಶುರುವಾದರೆ ಉಡುಪಿ, ಮಂಗಳೂರು ಕಡೆಯ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ. ಯಾವ ಕಪ್ಪೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನೆಲಗಪ್ಪೆಯ ಬಗ್ಗೆ ಜಾಸ್ತಿ ಚಿಂತೆ ಬೇಡ. ಒರಟು ಚರ್ಮ, ಮೈತುಂಬಾ ಗುಳ್ಳೆ, ರಾತ್ರಿ ಅಂಗಳದ ಲೈಟಿನ ಕೆಳಗೆ ಬಂದು ಕೂರುತ್ತದಲ್ಲ, ಅದೇ. ಇರುವೆ ಮತ್ತು ಗೆದ್ದಲು ಅದರ ಮುಖ್ಯ ಊಟ. ಕಾಡು ಕಡಿದರೂ ಇವೆರಡಕ್ಕೆ ಬರವಿಲ್ಲ. ಬೆಳಿಗ್ಗೆ ಜಗಲಿಯ ಮೂಲೆಯಲ್ಲಿ ಅದರ ಹಿಕ್ಕೆ ಕಂಡರೆ ಸ್ವಲ್ಪ ನೀರು ಹಾಕಿ ಕಡ್ಡಿಯಿಂದ ಬಿಡಿಸಿ ನೋಡಿ. ಕಪ್ಪಗೆ ಮಿನುಗುವ ಚೂರುಗಳು ಬಿಚ್ಚಿಕೊಳ್ಳುತ್ತವೆ. ಇರುವೆಯ ತಲೆಗಳು, ಕಾಲಿನ ತುಂಡುಗಳು, ನಡುವೆ ದುಂಬಿಯ ಗಟ್ಟಿ ರೆಕ್ಕೆ. ಆ ಕವಚ ಅರಗುವುದಿಲ್ಲ. ಕಪ್ಪೆಯ ಊಟ ತಿಳಿಯಲು ಸಂಶೋಧಕರು ಇನ್ನೊಂದು ದಾರಿಯನ್ನೂ ಬಳಸುತ್ತಾರೆ. ಬಾಯಿಯೊಳಗೆ ಸಣ್ಣ ಕೊಳವೆ ಇಟ್ಟು, ಮೆಲ್ಲಗೆ ನೀರು ಹಾಯಿಸಿ, ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಬರಿಸುತ್ತಾರೆ. ಆಮೇಲೆ ಕಪ್ಪೆಯನ್ನು ಸಿಕ್ಕ ಜಾಗದಲ್ಲೇ ಬಿಡುತ್ತಾರೆ.

ಬೇಟೆಯನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ಹುಳ ಅಲುಗಾಡದಿದ್ದರೆ ಕಪ್ಪೆಗೆ ಅದು ಊಟ ಅಂತ ಅನ್ನಿಸುವುದೇ ಇಲ್ಲ. ಅಲುಗಿತೋ, ಮುಂದಕ್ಕೆ ಬಾಗುತ್ತದೆ. ನಾಲಿಗೆಯ ಬುಡ ಇರುವುದು ಬಾಯಿಯ ಮುಂಭಾಗದಲ್ಲಿ, ಹಾಗಾಗಿ ನಾಲಿಗೆ ಮಗುಚಿಕೊಂಡು ಹೊರಗೆ ಬೀಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಹುಳ ಮಾಯವಾದದ್ದು ಮಾತ್ರ. ನುಂಗುವಾಗ ಎರಡೂ ಕಣ್ಣು ಒಳಗೆ ಇಳಿಯುತ್ತವೆ. ಕಣ್ಣುಗುಡ್ಡೆಗಳೇ ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ!

ಗದ್ದೆಯ ಗೂಳಿಗಪ್ಪೆಯ ಕಥೆ ಬೇರೆ. ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ. ಮಿಡತೆ, ಏಡಿ, ಇಲಿಮರಿ, ತನಗಿಂತ ಸಣ್ಣ ಕಪ್ಪೆ ಕೂಡ. ಭಾರತ 1987ರಲ್ಲಿ ಕಪ್ಪೆ ಕಾಲಿನ ರಫ್ತು ನಿಲ್ಲಿಸಿದ್ದಕ್ಕೆ ಒಂದು ಕಾರಣ, ಗದ್ದೆಯ ಕೀಟ ತಿನ್ನುವ ಇಂಥ ಕಪ್ಪೆಗಳು ಕಡಿಮೆಯಾಗುತ್ತಿವೆ ಎಂಬ ಆತಂಕ.

ನನಗೆ ಚಿಂತೆ ಇರುವುದು ತರಗೆಲೆಯ ಅಡಿಯಲ್ಲಿ ಬದುಕುವ ಸಣ್ಣ ಕಪ್ಪೆಗಳದ್ದು. ಅವುಗಳ ಊಟ ಸಣ್ಣ ಜೇಡ, ಚಿಮ್ಮಂಡೆಯ ಮರಿ, ಎಲೆ ಕೊಳೆಯುವಲ್ಲಿ ಹುಟ್ಟುವ ಪುಟಾಣಿ ಹುಳಗಳು. ಇವಕ್ಕೆಲ್ಲ ತೇವ ಬೇಕು. ಕಾಡು ತುಂಡಾದಾಗ ಅಂಚಿನಿಂದ ಬಿಸಿಲು, ಗಾಳಿ ಒಳಗೆ ನುಗ್ಗಿ ತರಗೆಲೆ ಒಣಗುತ್ತದೆ. ಹುಳ ಕಡಿಮೆಯಾಗುವುದು ಅರ್ಧ ತೊಂದರೆ. ಇನ್ನರ್ಧ ಕಪ್ಪೆಯ ಚರ್ಮದ್ದು. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ, ಒಣ ನೆಲದಲ್ಲಿ ಓಡಾಡಿದರೆ ಅದೇ ಚರ್ಮದಿಂದ ನೀರು ಹೋಗುತ್ತದೆ. ಆದ್ದರಿಂದ ಪಕ್ಕದಲ್ಲೇ ಹುಳ ಇದ್ದರೂ ಅಡಗಿ ಕೂತು ಉಪವಾಸ ಮಾಡಬೇಕಾಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಈ ಕಷ್ಟ ಇಲ್ಲ. ಮಳೆ ಬಿಟ್ಟ ಮೇಲೆ ಗೊತ್ತಾಗುತ್ತದೆ.

ಸಣ್ಣ ಜಾಗ ಅಂತ ಸುಮ್ನೆ ಬಿಟ್ಟುಬಿಡುವ ಹಾಗೂ ಇಲ್ಲ. 2018ರಲ್ಲಿ ವಿಜ್ಞಾನಕ್ಕೆ ಹೊಸದೆಂದು ವರದಿಯಾದ ಒಂದು ಪುಟ್ಟ ಕಪ್ಪೆ ಸಿಕ್ಕಿದ್ದು ಮಂಗಳೂರಿನಲ್ಲೇ, ಕೈಗಾರಿಕೆಗಳ ನಡುವಿನ ಜಾಗದಲ್ಲಿ. ಮೈಕ್ರೋಹೈಲಾ ಕೊಡಿಯಾಲ್ ಅಂತ ಊರಿನ ಹೆಸರನ್ನೇ ಇಟ್ಟರು; ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ್ ಅನ್ನುತ್ತಾರೆ. ಬೆರಳ ತುದಿಯಷ್ಟೇ ಗಾತ್ರ. ಈ ಗುಂಪಿನ ಕಪ್ಪೆಗಳ ಬಾಯಿ ಕಿರಿದು, ಇರುವೆ, ಗೆದ್ದಲಿನಂಥ ಸಣ್ಣ ತುತ್ತೇ ಬೇಕು.

ಸೊಳ್ಳೆ ತಿನ್ನುತ್ತವಾ ಅಂತಲೂ ಕೇಳುತ್ತೀರಿ ಅಲ್ವಾ? ತಿನ್ನುತ್ತವೆ, ಆದರೆ ಅದು ಊಟದ ಸಣ್ಣ ಪಾಲು. ಕಪ್ಪೆ ಇದೆ ಅಂತ ನಿಂತ ನೀರು ಚೆಲ್ಲದೆ ಬಿಡಬೇಡಿ.

ಇನ್ನು ನಿಮ್ಮ ಬನದ ವಿಷಯ. ಮರಗಳು ಒತ್ತಾಗಿದ್ದು, ನೆಲದಲ್ಲಿ ತರಗೆಲೆ ಇದ್ದರೆ ಅಲ್ಲಿ ಊಟ ಇದೆ. ಕರಾವಳಿಯಲ್ಲಿ ಎಷ್ಟೋ ಬನಗಳಿಗೆ ಕಾಂಕ್ರೀಟ್ ಹಾಕಿ, ಮರ ತೆಗೆದು ಕಟ್ಟೆ ಮಾತ್ರ ಉಳಿಸಿದ್ದಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ. ಜೀರ್ಣೋದ್ಧಾರದ ಮಾತು ಬಂದಾಗ ಮನೆಯವರ ಹತ್ತಿರ ಹೇಳಿ: ತನು (ನಾಗನಿಗೆ ಎರೆಯುವ ಹಾಲು, ಸೀಯಾಳ) ಹಾಕುವ ಕಲ್ಲಿನ ಮುಂದೆ ಮಾತ್ರ ಗುಡಿಸಿದರೆ ಸಾಕು, ಉಳಿದ ತರಗೆಲೆ ಅಲ್ಲೇ ಇರಲಿ, ಬೆಂಕಿ ಹಾಕುವುದು ಬೇಡ. ಬನದ ಅಂಚಿನಲ್ಲಿ ಇರುವೆ ಪುಡಿ, ಗೆದ್ದಲಿನ ಮದ್ದು ಹಾಕುವುದೂ ಬೇಡ.