ಪತ್ತಾರರ ತಕ್ಕಡಿಯೂ ನನ್ನ ಸ್ಟೆಬಿಲೈಸರೂ

ಬಾದಾಮಿಯ ಅಗಸ್ತ್ಯ ತೀರ್ಥದ ಹೊಂಡದ ದಂಡೆ ಮೇಲೆ ಭೂತನಾಥ ಗುಡಿ ಕಡೆ ನಡೆಯುತ್ತಾ ಒಂದು ವಿಡಿಯೊ ತೆಗೆಯಬೇಕು ಅಂತ ಬಹಳ ದಿನದ ಆಸೆ. ಕೈಯಲ್ಲಿ ಹೊಸ ಸ್ಟೆಬಿಲೈಸರ್ ಇತ್ತು, ನಡೆಯುವಾಗ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಾಧನ. ಮೋಟಾರ್ ಇಲ್ಲದ್ದು. ಒಂದು ಹಿಡಿಕೆ, ಅದಕ್ಕೆ ಜಿಂಬಲ್ ಅನ್ನುವ ಎಲ್ಲ ಕಡೆ ತಿರುಗುವ ಕೀಲು, ಅದರಲ್ಲಿ ಕೂತ ಒಂದು ಕಂಬ. ಕಂಬದ ಮೇಲೆ ಕ್ಯಾಮೆರಾ, ಕೆಳಗೆ ತೂಕದ ಬಿಲ್ಲೆಗಳು. ತಳ ಭಾರ ಇದ್ದಷ್ಟೂ ಗಟ್ಟಿಯಾಗಿ ನಿಲ್ಲುತ್ತೆ ಅಲ್ವಾ ಅಂದುಕೊಂಡು ಇದ್ದಬದ್ದ ಬಿಲ್ಲೆಗಳನ್ನೆಲ್ಲ ಹಾಕಿದೆ. ಮನೆಗೆ ಬಂದು ನೋಡಿದರೆ ಗುಡಿ ತೊಟ್ಟಿಲಲ್ಲಿ ಮಲಗಿದ ಹಾಗೆ ತೂಗುತ್ತಿತ್ತು.

ಪರಿಚಯದ ಪತ್ತಾರರೊಬ್ಬರು ಸ್ಟೆಬಿಲೈಸರನ್ನು ಬೆರಳಲ್ಲಿ ತಳ್ಳಿ ನೋಡಿ, "ಕಾಳಿನ ತಕ್ಕಡಿ ಮಾಡಿಟ್ಟೀರಲ್ರಿ" ಅಂದರು. ಈಗ ಅವರು ತೂಗುವುದು ಎಲೆಕ್ಟ್ರಾನಿಕ್ ಕಾಟಾದಲ್ಲೇ. ಆದರೂ ಬಂಗಾರ ತೂಗುತ್ತಿದ್ದ ಹಳೇ ತಕ್ಕಡಿ ಡಬ್ಬಿಯಲ್ಲಿತ್ತು. ತೆಗೆದು ಎತ್ತಿ ಹಿಡಿದರು. ದಂಡಿಗೆ ಅವಸರವೇ ಇಲ್ಲ. ನಿಧಾನ ಆ ಕಡೆ, ನಿಧಾನ ಈ ಕಡೆ.

ಅಂಥ ತಕ್ಕಡಿಯಲ್ಲಿ ದಂಡಿಯ ಭಾರದ ಕೇಂದ್ರ ಆಧಾರದ ಬಿಂದುವಿಗಿಂತ ಕೂದಲೆಳೆಯಷ್ಟು ಮಾತ್ರ ಕೆಳಗಿರುತ್ತದೆ. ಜಾಸ್ತಿ ಕೆಳಗಿದ್ದರೆ ದಂಡಿ ಲಗುಬಗೆಯಿಂದ ಆಡುತ್ತದೆ, ಆದರೆ ಸಣ್ಣ ತೂಕಕ್ಕೆ ಬಗ್ಗುವುದಿಲ್ಲ. ಮೇಲೆ ಹೋದರೆ ಮಗುಚಿಕೊಳ್ಳುತ್ತದೆ. ಸ್ಟೆಬಿಲೈಸರಿನ ಗುಟ್ಟೂ ಇದೇ. ನಾನು ಹೆಜ್ಜೆ ಇಟ್ಟಾಗ ಜಿಂಬಲ್ ಮುಂದೆ ಹೋಗುತ್ತದೆ, ತಳದ ಭಾರ ಹಿಂದೆ ಉಳಿಯುತ್ತದೆ. ಕ್ಯಾಮೆರಾ ಮುಂದಕ್ಕೆ ಬಾಗುತ್ತದೆ. ನಿಂತಾಗ ಉಲ್ಟಾ. ತಳ ಭಾರ ಮಾಡಿ ನಾನು ಕಟ್ಟಿದ್ದು ಗಡಿಯಾರದ ಲೋಲಕವನ್ನು.

ಪರೀಕ್ಷೆ ಸುಲಭ. ಕಂಬವನ್ನು ಅಡ್ಡ ಮಲಗಿಸಿ ಹಿಡಿದು, ಸುಮ್ನೆ ಬಿಡಿ. ನೆಟ್ಟಗಾಗಲು ಎರಡರಿಂದ ಮೂರು ಸೆಕೆಂಡು ಹಿಡಿಯಬೇಕು. ನನ್ನದು ಒಂದು ಸೆಕೆಂಡೂ ತಗೊಳ್ಳಲಿಲ್ಲ. ಒಂದೊಂದೇ ಬಿಲ್ಲೆ ತೆಗೆಯುತ್ತಾ ಬಂದೆ. ಇದಕ್ಕೂ ಮೊದಲು ಲೆನ್ಸ್, ಬ್ಯಾಟರಿ, ಕಾರ್ಡ್ ಎಲ್ಲ ಹಾಕಿರಬೇಕು, ಲೆನ್ಸ್ ಮುಚ್ಚಳ ತೆಗೆದಿರಬೇಕು, ಪರದೆ ಬಿಚ್ಚಿರಬೇಕು. ಆ ಮುಚ್ಚಳ ಮರೆತು ನಾನು ಎರಡು ಸಲ ಮೊದಲಿಂದ ತೂಗಿದ್ದೇನೆ.

ಉಳಿದ ಬಿಲ್ಲೆಗಳನ್ನು ಎಲ್ಲಿ ಇಡಬೇಕು? ತಳದ ಎರಡೂ ಬದಿಗೆ, ಆದಷ್ಟು ತುದಿಗೆ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಯ ಕೈಯಲ್ಲಿ ಉದ್ದನೆಯ ಗಳ ಇರುತ್ತದಲ್ಲ, ಅದೇ ಲೆಕ್ಕ. ಅದೇ ಭಾರವನ್ನು ಮಧ್ಯದಿಂದ ಎರಡು ಪಟ್ಟು ದೂರ ಇಟ್ಟರೆ ತಿರುಗಲು ಅದು ಒಡ್ಡುವ ತಡೆ ನಾಲ್ಕು ಪಟ್ಟು ಆಗುತ್ತದೆ. ಕೈಯ ಸಣ್ಣ ನಡುಕಕ್ಕೆ ಅದು ಸೊಪ್ಪು ಹಾಕುವುದಿಲ್ಲ.

ತಿರುಗುವುದಕ್ಕೇ ಯಾಕೆ ಇಷ್ಟು ಹೆದರಬೇಕು? ಹೊಂಡದ ಈ ದಂಡೆಯಲ್ಲಿ ನಿಂತ ಕ್ಯಾಮೆರಾ ಬರೀ 1 ಡಿಗ್ರಿ ವಾಲಿದರೆ ಸಾಕು, 100 ಮೀಟರ್ ಆಚೆಗಿನ ಗುಡಿಯ ಕಂಬ ಸುಮಾರು 1.75 ಮೀಟರ್ ಜಿಗಿದ ಹಾಗೆ ಕಾಣುತ್ತದೆ. ಒಬ್ಬ ಆಳಿನ ಎತ್ತರ! ಅದೇ ಕ್ಯಾಮೆರಾ ವಾಲದೆ, ಇದ್ದ ಹಾಗೇ 5 ಸೆಂಟಿಮೀಟರ್ ಮೇಲೆದ್ದರೆ ಅಷ್ಟು ದೂರದಲ್ಲಿ ಅದರ ಸುಳಿವೂ ಸಿಗುವುದಿಲ್ಲ.

ಹತ್ತಿರದ ಮೆಟ್ಟಿಲು ಮಾತ್ರ ಕುಣಿಯುತ್ತದೆ. ಜಿಂಬಲ್ ವಾಲುವುದನ್ನು ತಡೆಯುತ್ತದೆ, ಹೆಜ್ಜೆಯ ಏರಿಳಿತವನ್ನಲ್ಲ. 1970ರ ದಶಕದಲ್ಲಿ ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮಿನಲ್ಲಿ ಆ ಏರಿಳಿತ ನುಂಗಲು ಮೈಗೆ ಕಟ್ಟಿಕೊಳ್ಳುವ ಸ್ಪ್ರಿಂಗಿನ ತೋಳು ಇದೆ. ಕೈಯಲ್ಲಿ ಹಿಡಿಯುವ ನಮ್ಮಂಥವರಿಗೆ ಮೊಣಕಾಲೇ ಸ್ಪ್ರಿಂಗು. ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿಗೆ ಹೆಜ್ಜೆ ಉರುಳಿಸಬೇಕು. ತಲೆ ಮೇಲೆ ಕೊಡ ಹೊತ್ತವರ ನಡಿಗೆ ನೋಡಿದರೆ ಗೊತ್ತಾಗುತ್ತದೆ.

ಮೋಟಾರ್ ಇರುವ ಜಿಂಬಲ್ ತಂದವರು ತೂಗುವ ಕೆಲಸ ತಪ್ಪಿತು ಅಂದುಕೊಳ್ಳುತ್ತಾರೆ. ತಪ್ಪುವುದಿಲ್ಲ. ವಾಲಿಕೆಯನ್ನು ಸೆನ್ಸರ್ ಪತ್ತೆಹಚ್ಚಿ ಮೋಟಾರಿಗೆ ಹೇಳುತ್ತದೆ, ಸರಿ. ಆದರೆ ಭಾರ ಒಂದು ಕಡೆ ಎಳೆಯುತ್ತಿದ್ದರೆ ಮೋಟಾರು ಇಡೀ ಹೊತ್ತು ಅದನ್ನು ಎತ್ತಿ ಹಿಡಿಯುವುದರಲ್ಲೇ ದಣಿಯುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಕುಡಿಯುತ್ತದೆ. ಸ್ವಿಚ್ ಹಾಕುವ ಮೊದಲು ಕ್ಯಾಮೆರಾವನ್ನು ಹೇಗೆ ತಿರುಗಿಸಿ ಬಿಟ್ಟರೂ ಅಲ್ಲೇ ನಿಲ್ಲಬೇಕು.

ಮರುವಾರ ಮತ್ತೆ ಹೊಂಡದ ದಂಡೆಗೆ ಹೋದೆ. ಈ ಸಲ ಗುಡಿ ಕದಲಲಿಲ್ಲ. ಅರ್ಧ ದಾರಿಯಲ್ಲಿ ಗಾಳಿ ಬೀಸಿ ಕ್ಯಾಮೆರಾ ಮೆಲ್ಲಗೆ ಬಲಕ್ಕೆ ತಿರುಗಿಬಿಟ್ಟಿತು. ಬಂಡೆಯ ಮೇಲೆ ಪೇನು ಹೆಕ್ಕುತ್ತಾ ಕೂತಿದ್ದ ಎರಡು ಕೋತಿಗಳು ಮಾತ್ರ ಒಂಚೂರೂ ನಡುಗದೆ ಚೆನ್ನಾಗಿ ಬಂದಿವೆ.