ಬಿಸಿ ಮಾಡುವಾಗ ಎಸಿ ಫ್ಯಾನನ್ನು ಅದರ ಪಾಡಿಗೆ ಬಿಡಿ

ಮೈಸೂರಿನಲ್ಲಿ ಎಸಿ ಅಂದರೆ ಬೇಸಿಗೆಯ ಮಾತು. ಆದರೂ ಈಗ ಬಿಸಿ, ತಂಪು ಎರಡೂ ಕೊಡುವ ಎಸಿ ಹಾಕಿಸುವವರಿದ್ದಾರೆ. ಬಹುಪಾಲು ವಯಸ್ಸಾದವರಿರುವ ಮನೆ, ಇಲ್ಲವೇ ಬಾಣಂತಿ ಇರುವ ಮನೆ. ಡಿಸೆಂಬರ್ ಚಳಿ ಶುರುವಾದರೆ ಎಸಿ ರಿಪೇರಿ ಮಾಡುವ ನಮಗೆ ಈ ಮನೆಗಳಿಂದ ಫೋನ್ ಬರುತ್ತದೆ. ಆನ್ ಮಾಡಿದರೆ ಗಾಳಿನೇ ಬರಲ್ಲ ಅಂತ ಕೆಲವರು. ಸ್ವಲ್ಪ ಹೊತ್ತು ಬಿಸಿ ಬಂದು ನಿಂತುಹೋಗುತ್ತೆ ಅಂತ ಇನ್ನು ಕೆಲವರು. ಹೆಚ್ಚಿನ ಸಲ ಎರಡಕ್ಕೂ ಕಾರಣ ಫ್ಯಾನ್ ವೇಗ.

ತಂಪು ಮಾಡುವಾಗ ಎಸಿ ಕೋಣೆಯ ಶಾಖ ಎತ್ತಿ ಹೊರಗೆ ಹಾಕುತ್ತದೆ. ಬಿಸಿ ಮಾಡುವಾಗ ಗ್ಯಾಸ್ ಹರಿಯುವ ದಾರಿ ಬದಲಿಸುವ ಫೋರ್‌ವೇ ವಾಲ್ವ್ ತಿರುಗಿ ಕೆಲಸ ಅದಲುಬದಲಾಗುತ್ತದೆ. ಔಟ್‌ಡೋರ್ ಕಾಯಿಲ್, ಅಂದರೆ ಹೊರಗಿನ ಪೆಟ್ಟಿಗೆಯಲ್ಲಿ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ಹೊರಗಿನ ಗಾಳಿಯಿಂದ ಶಾಖ ಹೀರುತ್ತದೆ. ಗ್ಯಾಸನ್ನು ಒತ್ತಿ ಬಿಸಿ ಮಾಡುವ ಕಂಪ್ರೆಸರ್‌ನಿಂದ ಬರುವ ಬಿಸಿ ಗ್ಯಾಸ್ ಒಳಗಿನ ಕಾಯಿಲ್‌ಗೆ ಬಂದು ಶಾಖ ಬಿಟ್ಟುಕೊಡುತ್ತದೆ. ಆ ಶಾಖವನ್ನು ಕೋಣೆಗೆ ತಳ್ಳುವುದು ಒಳಗಿನ ಫ್ಯಾನ್, ಅಂದರೆ ಬ್ಲೋವರ್. ಅದು ನಿಧಾನವಾದರೆ ಶಾಖ ಕಾಯಿಲ್‌ನಲ್ಲೇ ಉಳಿದು ಗ್ಯಾಸ್ ಒತ್ತಡ ಏರುತ್ತದೆ. ಈಗಿನ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್32 ಗ್ಯಾಸ್ 50 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಒತ್ತಡ ಸುಮಾರು 440 ಪಿಎಸ್‌ಐ (ಒತ್ತಡದ ಅಳತೆ). 60 ಡಿಗ್ರಿಗೆ ಹೋದರೆ 550 ಮುಟ್ಟುತ್ತದೆ. ಹತ್ತೇ ಡಿಗ್ರಿಗೆ ಇಷ್ಟು ಏರಿಕೆ! ಹಾಗಾಗಿ ಬಿಸಿ ಮೋಡ್‌ನಲ್ಲಿ ಫ್ಯಾನ್ ವೇಗ ಬರೀ ಗಾಳಿಯ ವಿಷಯವಲ್ಲ. ಕಂಪ್ರೆಸರ್‌ನ ಜೀವ ಕಾಯುವುದೂ ಅದೇ.

ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗದಿರುವುದು ದೋಷವಲ್ಲ. ಕಾಯಿಲ್ ಇನ್ನೂ ತಣ್ಣಗಿರುವಾಗ ಗಾಳಿ ಬಿಟ್ಟರೆ ಮೈಮೇಲೆ ತಣ್ಣನೆ ಗಾಳಿ ಬೀಳುತ್ತದೆ. ಅದಕ್ಕೇ ಎಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಸ್ವಲ್ಪ ಹೊತ್ತು ಕಾಯುತ್ತದೆ. ಕಾಯಿಲ್ ಮೂವತ್ತು ದಾಟಿದ ಮೇಲೆ ಮೆಲ್ಲಗೆ ಶುರು ಮಾಡಿ, ಬಿಸಿ ಏರಿದಂತೆ ವೇಗ ಏರಿಸುತ್ತದೆ. ಕೆಲವು ನಿಮಿಷ ಬೇಕು. ಆ ಹೊತ್ತಲ್ಲಿ ಸುಮ್ನೆ ರಿಮೋಟ್ ಒತ್ತಿ ಆಫ್ ಆನ್ ಮಾಡಿದರೆ ಮತ್ತೆ ಮೊದಲಿಂದ ಕಾಯಬೇಕು, ಅಷ್ಟೇ.

ನಿಂತುನಿಂತು ನಡೆಯುವ ದೂರು ಸ್ವಲ್ಪ ಬೇರೆ. ಮಂಡ್ಯದ ಒಂದು ಮನೆಯಲ್ಲಿ ಬಾಣಂತಿ ಕೋಣೆಗೆ ಒಂದು ಟನ್ ಎಸಿ ಹಾಕಿಸಿದ್ದರು. ಸೆಟ್ಟಿಂಗ್ 30 ಡಿಗ್ರಿ, ಫ್ಯಾನ್ ತೀರಾ ಕಮ್ಮಿ, ಗಾಳಿ ಬಿಡುವ ರೆಕ್ಕೆ ಪೂರ್ತಿ ಮೇಲಕ್ಕೆ. ಯಾಕಮ್ಮಾ ಹೀಗೆ ಅಂದರೆ ಮಗುವಿನ ಅಜ್ಜಿ, "ಗಾಳಿ ಮಗೀಗೆ ಬಡೀಬಾರ್ದು ಕಣಪ್ಪ, ಅದ್ಕೇ ಕಮ್ಮಿ ಮಡಗಿವ್ನಿ" ಅಂದರು. ಅವರ ಕಾಳಜಿ ಸರಿಯೇ. ಆದರೆ ಥರ್ಮಾಮೀಟರ್ ಹಿಡಿದು ನೋಡಿದರೆ, ಮೇಲಿನ ಜಾಲರಿಯಿಂದ ಒಳಗೆ ಹೋಗುವ ಗಾಳಿಯೂ ಹೆಚ್ಚುಕಮ್ಮಿ ಹೊರಬರುವ ಗಾಳಿಯಷ್ಟೇ ಬಿಸಿ! ಬಿಸಿ ಗಾಳಿ ಹಗುರ. ಮೇಲಕ್ಕೆ ಬಿಟ್ಟರೆ ಸೂರಿನಲ್ಲೇ ಸುತ್ತಿ ವಾಪಸ್ ಎಸಿಯೊಳಗೇ ಹೋಗುತ್ತದೆ. ಕೆಳಗೆ ತೊಟ್ಟಿಲ ಹತ್ತಿರ ಚಳಿ ಹಾಗೇ ಇತ್ತು. ಕಾಯಿಲ್ ಮಾತ್ರ ಕಾದು ಕಂಪ್ರೆಸರ್ ನಿಲ್ಲುತ್ತಿತ್ತು. ರೆಕ್ಕೆ ಕೆಳಕ್ಕೆ ಇಳಿಸಿ, ಫ್ಯಾನ್ ಆಟೋಗೆ ಹಾಕಿ, 25ಕ್ಕೆ ಇಟ್ಟು, ತೊಟ್ಟಿಲನ್ನು ಗಾಳಿ ಬೀಳದ ಮೂಲೆಗೆ ಸರಿಸಿದೆವು. ಗಾಳಿ ಮಗುವಿಗೂ ಬಡಿಯಲಿಲ್ಲ, ಎಸಿಯೂ ನಿಲ್ಲಲಿಲ್ಲ.

ನಮ್ಮ ಕಡೆ ಈ ತೊಂದರೆ ಜಾಸ್ತಿ ಆಗುವುದಕ್ಕೆ ಇನ್ನೊಂದು ಕಾರಣವಿದೆ. ತುಂಬಾ ಚಳಿಯ ಊರುಗಳಲ್ಲಿ ಔಟ್‌ಡೋರ್ ಕಾಯಿಲ್ ಮೇಲೆ ಹಿಮ ಕಟ್ಟುವುದೇ ದೊಡ್ಡ ತಲೆನೋವು. ಮೈಸೂರಲ್ಲಿ ಜನವರಿ ರಾತ್ರಿಯೂ 15, 16 ಡಿಗ್ರಿ ಆಸುಪಾಸು, ಸಂಜೆ ಇನ್ನೂ ಬೆಚ್ಚಗೆ. ಹೊರಗಿನ ಗಾಳಿಯಲ್ಲಿ ಶಾಖ ಬೇಕಾದಷ್ಟಿದೆ. ಕಾಯಿಲ್ ಅದನ್ನೆಲ್ಲ ಹೀರಿ ಒಳಗೆ ತಂದರೆ ಒತ್ತಡ ಮಿತಿ ಮೀರುತ್ತದೆ. ಆಗ ಇನ್ವರ್ಟರ್ ಎಸಿ ಕಂಪ್ರೆಸರ್ ವೇಗ ಇಳಿಸಿಕೊಳ್ಳುತ್ತದೆ. ಹಳೆ ಮಾದರಿಯ ಎಸಿಯಲ್ಲಿ ಕಂಪ್ರೆಸರ್‌ಗೆ ಒಂದೇ ವೇಗ. ಹಾಗಾಗಿ ಬೋರ್ಡ್ ಔಟ್‌ಡೋರ್ ಫ್ಯಾನನ್ನೇ ನಿಲ್ಲಿಸಿ ಹೀರುವ ಶಾಖ ಕಮ್ಮಿ ಮಾಡುತ್ತದೆ. ಕಂಪ್ರೆಸರ್ ನಡೀತಿದೆ, ಔಟ್‌ಡೋರ್ ಫ್ಯಾನ್ ನಿಂತಿದೆ ಅಂತ ಮೋಟರ್, ಕೆಪಾಸಿಟರ್ ಎರಡನ್ನೂ ಬದಲಿಸಿ ಬಿಲ್ ಮಾಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ಬಹಳ ಬೇಸರವಾಗುತ್ತದೆ. ಬದಲಿಸುವ ಮೊದಲು ಒಳಗಿನ ಕಾಯಿಲ್ ಎಷ್ಟು ಬಿಸಿಯಿದೆ ಅಂತ ನೋಡಬೇಕಲ್ವಾ? ಅದು ತಣಿದ ಮೇಲೆ ಫ್ಯಾನ್ ತಾನಾಗೇ ತಿರುಗಿದರೆ ಮೋಟರ್ ಚೆನ್ನಾಗಿದೆ ಅಂತಲೇ ಅರ್ಥ.

ಫ್ಯಾನ್ ಪದೇ ಪದೇ ಏರಿಳಿಯಬಾರದು. ವೇಗ ಏರಿದರೆ ಕಾಯಿಲ್ ತಣಿಯುತ್ತದೆ, ತಣಿದರೆ ವೇಗ ಇಳಿಯುತ್ತದೆ, ಇಳಿದರೆ ಕಾಯಿಲ್ ಮತ್ತೆ ಬಿಸಿಯಾಗುತ್ತದೆ. ಇದನ್ನು ತಪ್ಪಿಸಲು ಏರುವ ಮಿತಿ, ಇಳಿಯುವ ಮಿತಿ ಬೇರೆಬೇರೆ ಇಟ್ಟಿರುತ್ತಾರೆ. ಉದಾಹರಣೆಗೆ 40ಕ್ಕೆ ವೇಗ ಏರಿಸಿದರೆ, 37ಕ್ಕೆ ಬರುವ ತನಕ ಇಳಿಸುವುದಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಕಾಯಿಲ್‌ನ ಬಿಸಿ ಅಳೆಯುವ ಸೆನ್ಸರ್ ಮೇಲೆ. ಅದು ತನ್ನ ತಾಮ್ರದ ಕೊಳವೆಯಿಂದ ಹೊರಗೆ ಜಾರಿದ್ದರೆ ಗಾಳಿಯ ಬಿಸಿ ಅಳೆಯುತ್ತದೆ, ಕಾಯಿಲ್‌ದಲ್ಲ. ಬೋರ್ಡ್‌ಗೆ ಇದು ಗೊತ್ತಾಗುವುದಿಲ್ಲ. ಬ್ಲೋವರ್ ರೆಕ್ಕೆಗಳ ಒಳಮೈಗೆ ಧೂಳು ಮೆತ್ತಿದಾಗಲೂ ಇದೇ ಕಥೆ. ಮೋಟರ್‌ನ ಸುತ್ತುಗಳನ್ನು ಮಾತ್ರ ಬೋರ್ಡ್ ಎಣಿಸುತ್ತದೆ, ಗಾಳಿಯನ್ನಲ್ಲ. ಸುತ್ತು ಸರಿ, ಗಾಳಿ ಅರ್ಧ. ಫಿಲ್ಟರ್ ತೊಳೆದರೆ ಸಾಲದು. ಚಳಿಗಾಲಕ್ಕೆ ಮುಂಚೆ ಬ್ಲೋವರ್ ತೊಳೆಸಿ, ಸೆನ್ಸರ್ ಜಾಗದಲ್ಲಿದೆಯಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ. ಸೆನ್ಸರ್ ಮೇಲೇ ಅನುಮಾನ ಬಂದರೆ ಅದನ್ನು ಬಿಚ್ಚಿ, ಮಲ್ಟಿಮೀಟರ್‌ಗೆ ಹಾಕಿ, ತುದಿಯನ್ನು ಬೆಚ್ಚನೆ ನೀರಿನ ಲೋಟದಲ್ಲಿ ಅದ್ದಿದರೆ ಸಾಕು. ಅದು ತೋರಿಸುವ ಓಮ್ (ವಿದ್ಯುತ್ ತಡೆ) ಲೆಕ್ಕ ತಡವರಿಸದೆ ಇಳಿಯುತ್ತಾ ಹೋಗಬೇಕು. ಇಳಿಯದೆ ನಿಂತರೆ ಅಥವಾ ಕುಣಿದರೆ ಸೆನ್ಸರ್ ಬದಲಿಸಿ.