ನೆಟೋಚ್ಕಾ ನೆಜ್ವಾನೊವಾ: ನಿಂತದ್ದು ಯಾಕೆ, ಮುಂದುವರಿಯದ್ದು ಯಾಕೆ?

ದಾಸ್ತೋವ್ಸ್ಕಿಯ ಈ ಅಪೂರ್ಣ ಕಾದಂಬರಿಯ ಬಗ್ಗೆ ಇವು ಎರಡು ಬೇರೆ ಪ್ರಶ್ನೆಗಳು. ಒಂದಕ್ಕೊಂದು ಬೆರೆಸಿದರೆ ಉತ್ತರ ತಪ್ಪುತ್ತದೆ.

ಮೊದಲನೆಯದು ಸುಲಭ. ದಾಸ್ತೋವ್ಸ್ಕಿ ಇದನ್ನು ದೊಡ್ಡ ಕಾದಂಬರಿಯಾಗಿಯೇ ಶುರು ಮಾಡಿದ್ದ. 1849ರ ಜನವರಿ, ಫೆಬ್ರವರಿಯಲ್ಲಿ ಪೀಟರ್ಸ್‌ಬರ್ಗಿನ ಮಾಸಪತ್ರಿಕೆಯೊಂದರಲ್ಲಿ ಎರಡು ಭಾಗ ಬಂದವು. ಹಳೆಯ ರಷ್ಯನ್ ಕ್ಯಾಲೆಂಡರಿನ ಏಪ್ರಿಲ್ 23ರಂದು ಅವನ ಬಂಧನವಾಯಿತು. ಸರ್ಕಾರದ ಕಣ್ಣಿಗೆ ಬಿದ್ದಿದ್ದ ಪೆಟ್ರಾಶೆವ್ಸ್ಕಿಯ ಚರ್ಚಾಗುಂಪಿಗೆ ಹೋಗುತ್ತಿದ್ದ, ಲೇಖಕ ಗೊಗೊಲ್‌ಗೆ ವಿಮರ್ಶಕ ಬೆಲಿನ್ಸ್ಕಿ ಬರೆದ ನಿಷೇಧಿತ ಪತ್ರವನ್ನು ಅಲ್ಲಿ ಓದಿ ಹೇಳಿದ್ದ ಎಂಬುದು ಆರೋಪ. ಮೂರನೇ ಭಾಗ ಮೇ ಸಂಚಿಕೆಯಲ್ಲಿ ಲೇಖಕನ ಹೆಸರೇ ಇಲ್ಲದೆ ಅಚ್ಚಾಯಿತು. ಆಮೇಲೆ ಕೋಟೆಯ ಸೆರೆ, ಗುಂಡಿಕ್ಕಿ ಕೊಲ್ಲುವಂತೆ ನಿಲ್ಲಿಸಿ ಕೊನೆಗಳಿಗೆಯಲ್ಲಿ ಬಿಟ್ಟ ನಾಟಕ, ಸೈಬೀರಿಯಾದ ಓಮ್ಸ್ಕ್‌ನಲ್ಲಿ ನಾಲ್ಕು ವರ್ಷ ಕಠಿಣ ಶಿಕ್ಷೆ, ಸೈನಿಕನ ಕೆಲಸ.

ಎರಡನೆಯದು ನನಗೆ ಜಾಸ್ತಿ ಮುಖ್ಯ. 1860ರಲ್ಲಿ ತನ್ನ ಕೃತಿಗಳ ಸಂಗ್ರಹ ತರುವಾಗ ಅವನು ಇದನ್ನು ಮತ್ತೆ ಕೈಗೆತ್ತಿಕೊಂಡ. ಆದರೆ ಮುಂದಕ್ಕೆ ಬರೆಯಲಿಲ್ಲ, ಕತ್ತರಿಸಿದ! 'ಒಬ್ಬ ಹೆಣ್ಣಿನ ಕಥೆ' ಎಂಬ ಉಪಶೀರ್ಷಿಕೆ ಹೋಯಿತು. ಭಾಗಗಳ ಹೆಸರುಗಳು ಹೋದವು. ಲಾರ್ಯಾ ಎಂಬ ಅನಾಥ ಹುಡುಗನ ಪಾತ್ರವೇ ಮಾಯವಾಯಿತು. ಅಂದರೆ ಕಾದಂಬರಿ ನಿಂತದ್ದು ಪೊಲೀಸರಿಂದ, ಹಾಗೇ ಉಳಿದದ್ದು ಅವನ ತೀರ್ಮಾನದಿಂದ.

ಇದ್ದಷ್ಟರಲ್ಲೇ ಎಷ್ಟು ಶಕ್ತಿಯಿದೆ ನೋಡಿ. ನೆಟೋಚ್ಕಾಳ ಮಲತಂದೆ ಯೆಫಿಮೊವ್ ಪಿಟೀಲು ವಾದಕ. ತಾನು ಮಹಾ ಪ್ರತಿಭೆ, ಹೆಂಡತಿಯಿಂದಲೇ ಹಾಳಾದೆ ಅಂತ ನಂಬಿ ಕೂತವನು. ಸಂಗೀತ ಕಛೇರಿಯ ಟಿಕೆಟ್‌ಗಾಗಿ, ಅಮ್ಮ ಸಾಮಾನಿಗೆ ಕೊಟ್ಟ ದುಡ್ಡನ್ನು ಮಗುವಿನಿಂದ ಪುಸಲಾಯಿಸಿ ಕೇಳುತ್ತಾನೆ. ಮಗು ಅವನನ್ನು ಪ್ರೀತಿಸುತ್ತದೆ, ಅಮ್ಮನಿಗೆ ಹೆದರುತ್ತದೆ. ಕಛೇರಿಯಲ್ಲಿ ನಿಜವಾದ ಕಲಾವಿದನನ್ನು ಕೇಳಿದ ರಾತ್ರಿ ಅವನ ನಂಬಿಕೆಯೇ ಕುಸಿಯುತ್ತದೆ. ಮನೆಯಲ್ಲಿ ಹೆಂಡತಿ ಸತ್ತಿದ್ದಾಳೆ. ಹೆಣದ ಮೇಲೆ ಬಟ್ಟೆ ರಾಶಿ ಹಾಕಿ ಮುಚ್ಚಿ, ಪಿಟೀಲು ನುಡಿಸುತ್ತಾನೆ. ನೆಟೋಚ್ಕಾ ಎಲ್ಲವನ್ನೂ ನೋಡುತ್ತಿದ್ದಾಳೆ. ಈ ಪುಟಗಳನ್ನು ಸಾರಾಂಶದಲ್ಲಿ ಓದಬೇಡಿ, ದಯವಿಟ್ಟು ಮೂಲ ಪಠ್ಯದಲ್ಲೇ ಓದಿ.

ಮುಂದೆ, ಅನಾಥಳಾದ ನೆಟೋಚ್ಕಾಳನ್ನು ಸಾಕುವ ರಾಜಕುಮಾರನ ಮನೆ, ಅವನ ಮಗಳು ಕಾತ್ಯಾಳ ಗರ್ವ, ಪ್ರೀತಿ. ಆಮೇಲೆ ಕಾತ್ಯಾಳ ಅಕ್ಕ ಅಲೆಕ್ಸಾಂಡ್ರಾ ಮಿಖಾಯ್ಲೊವ್ನಾಳ ಸಂಸಾರ. ಅಲ್ಲಿ ಪುಸ್ತಕದೊಳಗೆ ಸಿಕ್ಕ ಹಳೆಯ ಪತ್ರವೊಂದು ಆ ಸಂಸಾರದ ಗುಟ್ಟು ಬಿಚ್ಚುತ್ತದೆ. ನೆಟೋಚ್ಕಾ ಹಾಡು ಕಲಿಯಲು ಶುರು ಮಾಡಿರುತ್ತಾಳೆ, ಆದರೆ ಗಾಯಕಿಯಾದದ್ದನ್ನು ನಾವು ನೋಡುವುದೇ ಇಲ್ಲ.

ಪ್ರತಿ ಮನೆಯಲ್ಲೂ ಅವಳು ಬೇರೆಯವರ ನೋವಿಗೆ ಸಾಕ್ಷಿ. ಅವಳ ಸ್ವಂತ ಬದುಕು ಶುರುವಾಗುವ ಹೊತ್ತಿಗೆ ಪುಟಗಳು ಮುಗಿಯುತ್ತವೆ. 'ಅಪೂರ್ಣತೆಯಿಂದ ಏನು ನಷ್ಟ?' ಎಂದು ಯಾರಾದರೂ ಕೇಳಿದರೆ ಈ ಅಂಶವನ್ನೇ ಹಿಡಿದು ಉತ್ತರಿಸಿ.